ಸೈನ್ಯ ಬೇಡವೆಂದ ನಾಡಿಗೆ ಸೈನ್ಯ ಬಂದ ಬಗೆ

1965ರ ಫೆಬ್ರವರಿ 18ರಂದು ಬ್ರಿಟಿಷರಿಂದ ಬಿಡುಗಡೆ ಹೊಂದಿದಾಗ ಗ್ಯಾಂಬಿಯಾಕ್ಕೆ ಸ್ವಂತ ಸೈನ್ಯವೇ ಇರಲಿಲ್ಲ. ಪಶ್ಚಿಮ ಆಫ್ರಿಕಾದ ಈ ದೇಶವೆಂದರೆ ಒಂದು ನದಿ, ಅದರ ಎರಡು ದಂಡೆ. ಅಗಲ 50 ಕಿಲೋಮೀಟರ್ ದಾಟುವುದಿಲ್ಲ. ಮೂರು ಕಡೆ ಸೆನೆಗಲ್, ಇನ್ನೊಂದು ಕಡೆ ಅಟ್ಲಾಂಟಿಕ್. ಪಶುವೈದ್ಯರಾಗಿದ್ದ ಪ್ರಧಾನಿ ದಾವ್ಡಾ ಜವಾರಾ ಅವರ ಸರ್ಕಾರ ನಡೆಯುತ್ತಿದ್ದದ್ದು ಶೇಂಗಾ ರಫ್ತಿನ ಆದಾಯದಿಂದ. ಸೈನ್ಯ ಸಾಕುವಷ್ಟು ಹಣವೂ ಇರಲಿಲ್ಲ, ಗಡಿಯಲ್ಲಿ ಶತ್ರುವೂ ಇರಲಿಲ್ಲ. ಹೊರಗಿನ ರಕ್ಷಣೆಗೆ ಸೆನೆಗಲ್ ಜೊತೆ ಒಪ್ಪಂದ, ಒಳಗಿನ ಶಾಂತಿಗೆ ‘ಫೀಲ್ಡ್ ಫೋರ್ಸ್’ ಎಂಬ ಸಶಸ್ತ್ರ ಪೊಲೀಸ್ ಪಡೆ, ಇಷ್ಟೇ ಸಾಕೆಂದುಕೊಂಡರು. ಆ ಲೆಕ್ಕಾಚಾರ ವಿವೇಕದ್ದೇ ಆಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಹಾಗೆಂದು ಗ್ಯಾಂಬಿಯನ್ನರಿಗೆ ಯುದ್ಧ ಹೊಸದಲ್ಲ. 1901ರಲ್ಲಿ ಬ್ರಿಟಿಷರು ಕಟ್ಟಿದ ‘ಗ್ಯಾಂಬಿಯಾ ಕಂಪನಿ’ ಮೊದಲ ಮಹಾಯುದ್ಧದಲ್ಲಿ ಕ್ಯಾಮರೂನಿನಲ್ಲೂ ಪೂರ್ವ ಆಫ್ರಿಕಾದಲ್ಲೂ ಜರ್ಮನ್ನರೊಡನೆ ಹೋರಾಡಿತ್ತು. ಎರಡನೆಯ ಯುದ್ಧದ ಹೊತ್ತಿಗೆ ಅದು ರೆಜಿಮೆಂಟಾಗಿ ಬೆಳೆದು, ಅದರ ಮೊದಲ ಬೆಟಾಲಿಯನ್ 81ನೇ ಪಶ್ಚಿಮ ಆಫ್ರಿಕಾ ಡಿವಿಷನ್ನಿನೊಂದಿಗೆ ಬರ್ಮಾಕ್ಕೆ ಬಂತು. ಭಾರತೀಯ ಸೈನಿಕರೂ ಇದ್ದ 14ನೇ ಸೇನೆಯ ಭಾಗವಾಗಿ ಅರಾಕಾನಿನ ಕಲಾದಾನ್ ಕಣಿವೆಯಲ್ಲಿ ಜಪಾನೀಯರನ್ನು ಎದುರಿಸಿತು. ರಸ್ತೆಯಿಲ್ಲದ ಆ ಕಾಡಿನಲ್ಲಿ ಡಿವಿಷನ್ನಿಗೆ ಅನ್ನವೂ ಮದ್ದುಗುಂಡೂ ವಿಮಾನದಿಂದ ಬೀಳಬೇಕಿತ್ತು. ಬಿದ್ದದ್ದನ್ನು ಆಫ್ರಿಕಾದ ಹಮಾಲರು ತಲೆಯ ಮೇಲೆ ಹೊತ್ತು ಗುಡ್ಡ ಹತ್ತುತ್ತಿದ್ದರು. ಯುದ್ಧ ಮುಗಿದ ಮೇಲೆ ಬ್ರಿಟಿಷರಿಗೆ ಈ ರೆಜಿಮೆಂಟ್ ದುಬಾರಿ ಅನ್ನಿಸಿತು. ಅದು ಮತ್ತೆ ಕಂಪನಿಯಾಯಿತು, 1958ರಲ್ಲಿ ಕಂಪನಿಯೂ ವಿಸರ್ಜನೆಯಾಯಿತು. ಅದರ ಜಾಗಕ್ಕೆ ಬಂದದ್ದೇ ಫೀಲ್ಡ್ ಫೋರ್ಸ್. ಕಲಾದಾನಿನಲ್ಲಿ ಗಳಿಸಿದ ಶಿಸ್ತನ್ನು ಮುಂದಿನವರಿಗೆ ದಾಟಿಸುವ ದಾರಿ ಅಲ್ಲಿಗೆ ಮುಚ್ಚಿತು.

1981ರ ಜುಲೈ ಕೊನೆಯಲ್ಲಿ, ಅಷ್ಟರಲ್ಲಿ ಅಧ್ಯಕ್ಷರಾಗಿದ್ದ ಜವಾರಾ ರಾಜಕುಮಾರ ಚಾರ್ಲ್ಸ್ ಮದುವೆಗೆಂದು ಲಂಡನ್ನಿನಲ್ಲಿದ್ದಾಗ, ಕುಕೋಯಿ ಸಾಂಬಾ ಸಾನ್ಯಾಂಗ್ ಎಂಬ ಎಡಪಂಥೀಯ ಯುವಕ ಫೀಲ್ಡ್ ಫೋರ್ಸಿನ ಒಂದು ಗುಂಪನ್ನೇ ಕಟ್ಟಿಕೊಂಡು ದಂಗೆಯೆದ್ದ. ಸೆನೆಗಲ್ ಸೈನ್ಯ ನುಗ್ಗಿ ಅದನ್ನು ಅಡಗಿಸುವಷ್ಟರಲ್ಲಿ 500ಕ್ಕೂ ಹೆಚ್ಚು ಜನ ಸತ್ತಿದ್ದರು. ಮರುವರ್ಷ ಎರಡು ದೇಶಗಳೂ ಸೇರಿ ‘ಸೆನೆಗ್ಯಾಂಬಿಯಾ’ ಒಕ್ಕೂಟವಾಯಿತು. ಅದರ ನೆರಳಲ್ಲಿ, 1980ರ ದಶಕದ ನಡುವೆ, ಬ್ರಿಟಿಷ್ ತರಬೇತಿಯ ರಾಷ್ಟ್ರೀಯ ಸೈನ್ಯ ಹುಟ್ಟಿತು. ಗಡಿ ಕಾಯಲು ಹುಟ್ಟಿದ್ದಲ್ಲ ಅದು. ದಂಗೆಯ ಭಯಕ್ಕೆ ಹುಟ್ಟಿದ್ದು.

1989ರಲ್ಲಿ ಒಕ್ಕೂಟ ಮುರಿಯಿತು, ಸೆನೆಗಲ್ ಪಡೆ ಹೊರಟುಹೋಯಿತು. ಲೈಬೀರಿಯಾದ ಶಾಂತಿಪಾಲನೆಯಿಂದ ಮರಳಿದ ಸೈನಿಕರು ಭತ್ಯೆ ಬಾಕಿಗಾಗಿ ಬೀದಿಗಿಳಿದರು. ಸೇನೆಯ ಮುಖ್ಯಸ್ಥನನ್ನು ನೈಜೀರಿಯಾದಿಂದ ಕರೆಸಲಾಯಿತು. ಸ್ವಂತ ಅಧಿಕಾರಿಗಳಿಗೆ ಅದೊಂದು ಅವಮಾನವಾಗಿ ಉಳಿಯಿತು. 1994ರ ಜುಲೈ 22ರಂದು ಕಿರಿಯ ಅಧಿಕಾರಿಗಳು ಸರ್ಕಾರ ಉರುಳಿಸಿದರು, ಜವಾರಾ ಅಮೆರಿಕದ ಯುದ್ಧನೌಕೆಯಲ್ಲಿ ಆಶ್ರಯ ಪಡೆದರು. 29ರ ಹರೆಯದ ಲೆಫ್ಟಿನೆಂಟ್ ಯಾಹ್ಯಾ ಜಮ್ಮೆ ದೇಶದ ಯಜಮಾನನಾದ. ಅದೇ ವರ್ಷದ ನವೆಂಬರಿನಲ್ಲಿ, ಪ್ರತಿದಂಗೆಯ ಆರೋಪ ಹೊರಿಸಿ, ಸೈನಿಕರನ್ನು ಸೈನಿಕರೇ ವಿಚಾರಣೆಯಿಲ್ಲದೆ ಕೊಂದರು. ಮುಂದೆ ‘ಜಂಗ್ಲರ್ಸ್’ ಎಂಬ ಗುಪ್ತ ಕೊಲೆಗಡುಕ ಪಡೆ ಬೆಳೆದದ್ದು ಇದೇ ಸೇನೆಯ ಒಳಗೆ. ಪತ್ರಕರ್ತರು, ವಿರೋಧಿಗಳು ಮಾತ್ರವಲ್ಲ, 2005ರಲ್ಲಿ ಯುರೋಪಿನ ದಾರಿ ಹಿಡಿದಿದ್ದ ಹತ್ತಾರು ಬಡ ವಲಸಿಗರೂ ಬಲಿಯಾದರು.

2016ರ ಚುನಾವಣೆಯಲ್ಲಿ ಜಮ್ಮೆ ಸೋತ. ಮೊದಲು ಒಪ್ಪಿ, ಆಮೇಲೆ ಕುರ್ಚಿ ಬಿಡಲು ನಿರಾಕರಿಸಿದ. ಗೆದ್ದ ಅಡಾಮಾ ಬ್ಯಾರೋ 2017ರ ಜನವರಿ 19ರಂದು ಸೆನೆಗಲ್ ರಾಜಧಾನಿ ಡಾಕಾರಿನ ಗ್ಯಾಂಬಿಯಾ ರಾಯಭಾರ ಕಚೇರಿಯಲ್ಲಿ ಪ್ರಮಾಣವಚನ ಸ್ವೀಕರಿಸಬೇಕಾಯಿತು. ಪಶ್ಚಿಮ ಆಫ್ರಿಕಾ ದೇಶಗಳ ಪಡೆಗಳು ಗಡಿ ದಾಟಿದಾಗ, ಜಮ್ಮೆಗೆ ನಿಷ್ಠನೆಂದಿದ್ದ ಸೇನಾ ಮುಖ್ಯಸ್ಥ ಉಸ್ಮಾನ್ ಬಾಜೀ ತಮ್ಮವರನ್ನು ಈ ಕಾದಾಟಕ್ಕೆ ಇಳಿಸುವುದಿಲ್ಲವೆಂದರು. ಆ ಸೇನೆಯ ಬದುಕಿನಲ್ಲಿ ನಾನು ಅತ್ಯಂತ ಗೌರವಿಸುವ ಗಳಿಗೆ ಅದು. ಎರಡೇ ದಿನದಲ್ಲಿ ಜಮ್ಮೆ ದೇಶ ಬಿಟ್ಟ.

ಹೊಸ ಅಧ್ಯಕ್ಷರು ಮಾತ್ರ ತಮ್ಮ ಸೇನೆಯನ್ನು ನಂಬಲಿಲ್ಲ. ಸೆನೆಗಲ್, ನೈಜೀರಿಯಾ, ಘಾನಾ ಸೈನಿಕರ ಕಾವಲನ್ನು ಉಳಿಸಿಕೊಂಡೇ ಸೇನಾ ಸುಧಾರಣೆ ಶುರುವಾಯಿತು. 2019ರಲ್ಲಿ ಸತ್ಯಶೋಧನಾ ಆಯೋಗದ ಮುಂದೆ ಜಂಗ್ಲರ್ಸ್ ಸದಸ್ಯರೇ ನಿಂತು ಕೊಲೆಗಳನ್ನು ಒಪ್ಪಿಕೊಂಡರು, ದೇಶವೆಲ್ಲ ಅದನ್ನು ನೇರಪ್ರಸಾರದಲ್ಲಿ ನೋಡಿತು. 2023ರಲ್ಲಿ ಜರ್ಮನಿಯ ಸೆಲ್ಲೆ ನಗರದ ನ್ಯಾಯಾಲಯ ಆ ಪಡೆಯ ಚಾಲಕನೊಬ್ಬನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.