ಮಾಯದ ಹುಣ್ಣು: ಚರ್ಮದ ಏಡಿಗಂತಿಯ ಮುನ್ಸೂಚನೆಗಳು

ಮಾನವ ಶರೀರದ ಅಂಗಗಳಲ್ಲೆಲ್ಲ ಚರ್ಮವೇ ಅತ್ಯಂತ ದೊಡ್ಡದು. ಹೃದಯವನ್ನಾಗಲಿ ಯಕೃತ್ತನ್ನಾಗಲಿ ಪರೀಕ್ಷಿಸಲು ಯಂತ್ರಗಳು ಬೇಕು. ಚರ್ಮವನ್ನು ನೋಡಲು ಕಣ್ಣಿದ್ದರೆ ಸಾಕು. ಆದರೂ ಅದರಲ್ಲಿ ಹುಟ್ಟುವ ಏಡಿಗಂತಿ, ಎಂದರೆ ಕ್ಯಾನ್ಸರ್, ಎಷ್ಟೋ ಸಲ ಬಲಿತ ಮೇಲೆಯೇ ವೈದ್ಯರ ಬಳಿಗೆ ಬರುತ್ತದೆ. ಮೊದಮೊದಲು ಅದು ನೋವು ಕೊಡುವುದಿಲ್ಲ. ನೋಯದ ಹುಣ್ಣನ್ನು ಯಾರೂ ಲಕ್ಷಿಸುವುದಿಲ್ಲ.

ಇದು ಬಿಳಿಯರ ಕಾಯಿಲೆ ಎಂಬ ನಂಬಿಕೆಯೂ ವಿಳಂಬಕ್ಕೆ ಕಾರಣವಾಗಿದೆ. ನಂಬಿಕೆಯಲ್ಲಿ ಅರ್ಧ ಸತ್ಯವುಂಟು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಎಂಬ ವಸ್ತು ಸೂರ್ಯನ ನೇರಳಾತೀತ ಕಿರಣಗಳನ್ನು ತಡೆಯುವುದರಿಂದ, ಆಸ್ಟ್ರೇಲಿಯದ ಬಿಳಿಯರಲ್ಲಿ ಕಾಣುವಷ್ಟು ಈ ರೋಗ ಭಾರತೀಯರಲ್ಲಿ ಇಲ್ಲ. ಆದರೆ ಕಪ್ಪು ಮೈಬಣ್ಣ ಪೂರ್ಣ ರಕ್ಷೆಯಲ್ಲ. ಬಿಸಿಲು ಕಾಣದ ಅಂಗಾಲು, ಹಿಂದೆಂದೋ ಸುಟ್ಟ ಗಾಯದ ಕಲೆ, ಇಂಥ ಜಾಗಗಳೇ ನಮ್ಮವರಲ್ಲಿ ಅದರ ನೆಲೆಯಾಗುತ್ತವೆ.

ಸುಟ್ಟ ಕಲೆಯ ಮೇಲೆ

ಗುಬ್ಬಿಯ ಸೀಮೆಯಲ್ಲಿ ಅಡಿಕೆ ಬೇಯಿಸುವ ಹಂಡೆ, ಕುಣಿಗಲಿನ ಹಳ್ಳಿಗಳಲ್ಲಿ ಸೌದೆಯ ಒಲೆ, ತುಮಕೂರಿನ ಬೀದಿಗಳಲ್ಲಿ ಮೋಟಾರ್ ಸೈಕಲ್ಲಿನ ಕಾದ ಸೈಲೆನ್ಸರ್: ಸುಟ್ಟುಕೊಳ್ಳುವ ಅವಕಾಶಗಳಿಗೆ ಬರವಿಲ್ಲ. ಆಳವಾಗಿ ಸುಟ್ಟ ಗಾಯ ಮಾಗಿದರೂ ಅಲ್ಲಿನ ಚರ್ಮ ಮೊದಲಿನಂತಾಗುವುದಿಲ್ಲ. ಕೀಲಿನ ಬಳಿಯ ಕಲೆ ಬಿರಿಯುತ್ತದೆ, ಕೂಡುತ್ತದೆ, ಮತ್ತೆ ಬಿರಿಯುತ್ತದೆ. ಹೀಗೆ ಇಪ್ಪತ್ತು ಮೂವತ್ತು ವರ್ಷಗಳು ಕಳೆದ ಮೇಲೆ ಅಲ್ಲಿ ಏಡಿಗಂತಿ ಮೂಡುವುದುಂಟು. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಇಂಥ ಕಲೆಗಳ ಮೇಲಿನ ಹುಣ್ಣುಗಳನ್ನು ವರ್ಣಿಸಿದನು; ಇಂದಿಗೂ ಅವು ಅವನ ಹೆಸರನ್ನು ಹೊತ್ತಿವೆ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಎಂಬ ಕೆಂಡದ ಮಡಕೆಯನ್ನು ನಿಲುವಂಗಿಯೊಳಗೆ ಇಟ್ಟುಕೊಳ್ಳುವವರ ತೊಡೆ ಹೊಟ್ಟೆಗಳ ಮೇಲೆ ಬರುವ ಕ್ಯಾನ್ಸರ್ ಸಹ ಇದೇ ಬಗೆಯದು.

ಇದಕ್ಕೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮ ಎಂದು ಹೆಸರು. ಹುಣ್ಣಿನ ಅಂಚು ದಪ್ಪನಾಗಿ ಮೇಲೆದ್ದು ಗಟ್ಟಿಯಾಗುವುದು, ಹೂಕೋಸಿನಂತೆ ಮಾಂಸ ಬೆಳೆಯುವುದು, ಮುಟ್ಟಿದರೆ ರಕ್ತ ಒಸರುವುದು, ದುರ್ವಾಸನೆ ಬೀರುವುದು ಇದರ ಲಕ್ಷಣಗಳು. ಕಾಲಿನ ಹುಣ್ಣಿನೊಡನೆ ತೊಡೆಸಂದಿಯಲ್ಲಿ ಗಂಟು ಕಾಣಿಸಿಕೊಂಡರೆ ರೋಗ ಮುಂದೆ ಹೆಜ್ಜೆಯಿಟ್ಟಿರಬಹುದು.

ಕುಡಿಯುವ ನೀರೂ ಇದಕ್ಕೆ ಕಾರಣವಾಗಬಲ್ಲದು. ಆರ್ಸೆನಿಕ್ ಬೆರೆತ ನೀರನ್ನು ಬಹುಕಾಲ ಕುಡಿದವರ ಅಂಗೈ ಅಂಗಾಲುಗಳಲ್ಲಿ ಗಂಟುಗಂಟಾಗಿ ಚರ್ಮ ಒರಟಾಗುತ್ತದೆ. ಮುಂದೆ ಅದು ಕ್ಯಾನ್ಸರಿಗೆ ತಿರುಗಬಹುದು. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಈ ವಿಷದ ಪರಿಣಾಮಗಳನ್ನು 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ತುಮಕೂರು ಜಿಲ್ಲೆಯ ಕೆಲವು ಬಾವಿಗಳನ್ನು ಕಾಡುವ ಫ್ಲೋರೈಡ್ ಬೇರೆ. ಅದು ಹಲ್ಲು ಮೂಳೆಗಳ ಶತ್ರು.

ಮುಖದ ಮುತ್ತು

ಎರಡನೆಯದು ಬೇಸಲ್ ಸೆಲ್ ಕಾರ್ಸಿನೋಮ. ಐವತ್ತು ದಾಟಿದವರ ಮೂಗು, ಕೆನ್ನೆ, ಕಣ್ಣಂಚುಗಳಲ್ಲಿ ಮುತ್ತಿನಂತೆ ಹೊಳೆಯುವ ಚಿಕ್ಕ ಗುಳ್ಳೆಯಾಗಿ ಇದು ಆರಂಭವಾಗುತ್ತದೆ. ನಮ್ಮವರಲ್ಲಿ ಅನೇಕವೇಳೆ ಕಪ್ಪಾಗಿರುವುದರಿಂದ ಮಚ್ಚೆಯೆಂದು ಭ್ರಮಿಸುವುದು ಸಹಜ. ನಡುವೆ ಕುಳಿಬಿದ್ದು ಹಕ್ಕಳೆ ಕಟ್ಟುತ್ತದೆ. ಹಕ್ಕಳೆ ಉದುರಿದರೆ ಹನಿ ರಕ್ತ, ಮತ್ತೆ ಹಕ್ಕಳೆ. ಇದು ದೂರದ ಅಂಗಗಳಿಗೆ ಹರಡುವುದು ಬಲು ಅಪರೂಪ. ಆದರೆ ಇದ್ದಲ್ಲಿಯೇ ಮಾಂಸ ಎಲುಬುಗಳನ್ನು ಇಲಿಯಂತೆ ಕೊರೆಯುತ್ತದೆ. ಮೊದಲಲ್ಲಿ ತೆಗೆಸಿದರೆ ಸಣ್ಣದೊಂದು ಗೆರೆ ಉಳಿಯುತ್ತದೆ. ಉದಾಸೀನ ಮಾಡಿದರೆ ಮೂಗೇ ಹೋಗಬಹುದು.

ಅಂಗಾಲಿನ ಕರಿಮಚ್ಚೆ

ಮೂರನೆಯದಾದ ಮೆಲನೋಮ ಸಂಖ್ಯೆಯಲ್ಲಿ ಕಡಿಮೆ, ಕ್ರೌರ್ಯದಲ್ಲಿ ಹೆಚ್ಚು. ಜಮೈಕಾದ ಹೆಸರಾಂತ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳಿನ ಉಗುರಿನ ಕೆಳಗೆ ಇದು 1977ರಲ್ಲಿ ಪತ್ತೆಯಾಯಿತು. 1981ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಅವನ ಪ್ರಾಣವನ್ನೊಯ್ದಿತು. ಕಪ್ಪು ಮೈಬಣ್ಣದವರಲ್ಲಿ ಅಂಗಾಲು, ಅಂಗೈ ಮತ್ತು ಉಗುರಿನ ಬುಡಗಳೇ ಇದಕ್ಕೆ ಪ್ರಿಯವಾದ ಸ್ಥಾನಗಳು. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರು ಇದನ್ನು ಮುಳ್ಳು ಮುರಿದ ಕಲೆಯೆಂದೋ ಆಣಿಯೆಂದೋ ಎಣಿಸಿ ಸುಮ್ಮನಾಗುತ್ತಾರೆ.

ಎಲ್ಲ ಮಚ್ಚೆಗಳಿಗೂ ಅಂಜಬೇಕಾಗಿಲ್ಲ. ಉಗುರಿನಲ್ಲಿ ಕಂದುಗೆರೆಗಳು ನಮ್ಮವರಲ್ಲಿ ಸಾಮಾನ್ಯ. ಶಂಕಿಸಬೇಕಾದುದು ಬದಲಾವಣೆಯನ್ನು. ಮಚ್ಚೆಯ ಒಂದು ಪಾರ್ಶ್ವ ಇನ್ನೊಂದನ್ನು ಹೋಲದಿರುವುದು, ಅಂಚು ಹರಿದಂತಿರುವುದು, ಒಂದರಲ್ಲೇ ಹಲವು ಬಣ್ಣ, 6 ಮಿಲಿಮೀಟರಿಗಿಂತ ಹೆಚ್ಚಿನ ಅಗಲ, ದಿನೇ ದಿನೇ ಬೆಳವಣಿಗೆ: ಇವು ಎಚ್ಚರಿಕೆಯ ಗುರುತುಗಳು. ಉಗುರಿನ ಕರಿಗೆರೆ ಅಗಲವಾಗುತ್ತ ಬುಡದ ಚರ್ಮಕ್ಕೂ ಹಬ್ಬಿದರೆ ತಡಮಾಡಲಾಗದು.

ಪರೀಕ್ಷೆ ಮತ್ತು ಚಿಕಿತ್ಸೆ

ಸಂಶಯವನ್ನು ನಿವಾರಿಸುವ ಪರೀಕ್ಷೆ ಬಯಾಪ್ಸಿ. ಮರಗಟ್ಟಿಸುವ ಸೂಜಿಮದ್ದು ಕೊಟ್ಟು ಹುಣ್ಣಿನ ಸಣ್ಣ ತುಣುಕೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕತ್ತಿ ತಾಗಿದರೆ ರೋಗ ಹರಡುತ್ತದೆಂಬ ಅಂಜಿಕೆಗೆ ಆಧಾರವಿಲ್ಲ. ಅದಕ್ಕೆ ಬದಲಾಗಿ ಸುಣ್ಣ ಹಚ್ಚುವುದು, ಬರೆ ಹಾಕುವುದು, ಹೆಸರಿಲ್ಲದ ಮುಲಾಮು ಸವರುವುದು ಅಮೂಲ್ಯವಾದ ತಿಂಗಳುಗಳನ್ನು ನುಂಗುತ್ತವೆ. ಮಧುಮೇಹವುಳ್ಳವರು ಪಾದದ ಪ್ರತಿಯೊಂದು ಹುಣ್ಣನ್ನೂ ಸಕ್ಕರೆಯ ತಲೆಗೆ ಕಟ್ಟುವುದೂ ಸಲ್ಲದು.

ಚಿಕಿತ್ಸೆಯಲ್ಲಿ ಶಸ್ತ್ರಕ್ಕೇ ಅಗ್ರಸ್ಥಾನ. ಗೆಡ್ಡೆಯನ್ನು ಸುತ್ತಲಿನ ಸ್ವಲ್ಪ ಆರೋಗ್ಯದ ಚರ್ಮದೊಡನೆ ತೆಗೆದು, ಬೇಕಾದರೆ ತೊಡೆಯ ಚರ್ಮವನ್ನು ಅಲ್ಲಿಗೆ ಕಸಿಮಾಡುತ್ತಾರೆ. ಶಸ್ತ್ರಚಿಕಿತ್ಸೆ ಒಗ್ಗದವರಿಗೆ ವಿಕಿರಣ ಚಿಕಿತ್ಸೆಯುಂಟು. ರೋಗ ಎಲುಬಿಗಿಳಿದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗಬಹುದು. ಹರಡಿದ ಮೆಲನೋಮಕ್ಕೂ ದೇಹದ ರಕ್ಷಣಾಶಕ್ತಿಯನ್ನು ಹುರಿದುಂಬಿಸುವ ಔಷಧಗಳು ಈಗ ಬಂದಿವೆ. ಅವುಗಳಿಗೆ ದಾರಿ ತೋರಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಪಾರಿತೋಷಕ ಸಂದಿತು. ಆದರೆ ಅವು ದುಬಾರಿ. ಆರಂಭದ ಸಣ್ಣ ಶಸ್ತ್ರಕ್ರಿಯೆಗೆ ಸಮನಲ್ಲ.

ಗುಬ್ಬಿಯವರಿಗೆ ತುಮಕೂರಿನ ಜಿಲ್ಲಾ ಆಸ್ಪತ್ರೆ ಸುಮಾರು 20 ಕಿಲೋಮೀಟರು. ಕುಣಿಗಲಿನವರಿಗೆ ತುಮಕೂರೂ ಉಂಟು, ಹೆದ್ದಾರಿ ಹಿಡಿದರೆ ಬೆಂಗಳೂರೂ ಉಂಟು. ಹೆಚ್ಚಿನ ಚಿಕಿತ್ಸೆಗೆ ಬೆಂಗಳೂರಿನ ಹೊಸೂರು ರಸ್ತೆಯಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯಿದೆ. ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ನೆರವೂ ಇದೆ.

ತಿಂಗಳಿಗೊಮ್ಮೆ ಸ್ನಾನದ ವೇಳೆ ಅಂಗಾಲು, ಬೆರಳ ಸಂದು, ಉಗುರು, ಹಳೆಯ ಕಲೆಗಳನ್ನು ಬೆಳಕಿನಲ್ಲಿ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ. ಬಗ್ಗಲಾಗದ ಹಿರಿಯರ ಪಾದಗಳನ್ನು ಮನೆಯ ಕಿರಿಯರು ನೋಡಬೇಕು. ನೆನಪಿಡಬೇಕಾದ ಸೂತ್ರ ಒಂದೇ: ಒಂದು ತಿಂಗಳಾದರೂ ಮಾಯದ ಹುಣ್ಣು, ನೋಯಲಿ ನೋಯದಿರಲಿ, ವೈದ್ಯರ ಕಣ್ಣಿಗೆ ಬೀಳಲೇಬೇಕು.