ಅಹ್ಮದ್ ಖಾನ್: ಬರಿಗಾಲಿನಾಚೆಯ ಆಟ

1948ರ ಲಂಡನ್ ಒಲಿಂಪಿಕ್ಸ್ ಎಂದೊಡನೆ ನಮ್ಮ ಫುಟ್‌ಬಾಲ್ ಪ್ರೇಮಿಗಳು ನೆನೆಯುವುದು ಬರಿಗಾಲನ್ನು. ಜುಲೈ 31ರಂದು ಫ್ರಾನ್ಸ್ ವಿರುದ್ಧ ಆಡಿದ ಭಾರತದ ಹನ್ನೊಂದು ಮಂದಿಯಲ್ಲಿ ಹೆಚ್ಚಿನವರು ಬೂಟು ತೊಟ್ಟಿರಲಿಲ್ಲ. ಸಿಕ್ಕ ಎರಡು ಪೆನಾಲ್ಟಿಗಳೂ ವ್ಯರ್ಥವಾಗಿ, ಭಾರತ 1–2ರಿಂದ ಸೋತಿತು. ನಮ್ಮ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದ ಮುಂಚೂಣಿಯಲ್ಲಿ ಬೆಂಗಳೂರಿನ ಮತ್ತೊಬ್ಬರಿದ್ದರು: ಅಹ್ಮದ್ ಖಾನ್. ಬೂಟಿಲ್ಲದ ಕಾಲಿಗೆ ಬೆರಗಾದ ನಾವು, ಆ ಕಾಲಿನ ವಿದ್ಯೆಗೆ ಸಲ್ಲಬೇಕಾದ ಗೌರವ ಸಲ್ಲಿಸಲಿಲ್ಲ.

1926ರ ಡಿಸೆಂಬರ್ 24ರಂದು ಹುಟ್ಟಿದ ಅಹ್ಮದ್ ಅವರದು ಫುಟ್‌ಬಾಲ್ ಮನೆತನ. ತಂದೆ, ಸಹೋದರರೆಲ್ಲ ಆಟಗಾರರು. ಅಹ್ಮದ್ ಬಾಲಕರಾಗಿದ್ದಾಗಲೇ, 1937ರಲ್ಲಿ, ಬೆಂಗಳೂರು ಮುಸ್ಲಿಮ್ಸ್ ತಂಡ ಬಾಂಬೆಯ ರೋವರ್ಸ್ ಕಪ್ ಗೆದ್ದಿತ್ತು. ಬ್ರಿಟಿಷ್ ಸೇನಾ ತಂಡಗಳು ಮೆರೆಯುತ್ತಿದ್ದ ಆ ಟೂರ್ನಿಯನ್ನು ಭಾರತೀಯ ತಂಡವೊಂದು ಗೆದ್ದದ್ದು ಅದೇ ಮೊದಲು. ಮುಂದೆ ಅಹ್ಮದ್ ಅದೇ ತಂಡದ ಪರ ಆಡಿದರು.

1949ರಲ್ಲಿ ಅವರು ಕಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್ ಸೇರಿದರು. ಅಪ್ಪಾರಾವ್, ಸಾಲೆ, ವೆಂಕಟೇಶ್, ಧನರಾಜ್, ಅಹ್ಮದ್—ದಕ್ಷಿಣದ ಈ ಐವರನ್ನು ಕಲ್ಕತ್ತ ‘ಪಂಚಪಾಂಡವರು’ ಎಂದೇ ಕರೆಯಿತು. 1949, 1950, 1951—ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಟೂರ್ನಿಯ ಪ್ರಶಸ್ತಿ ಆ ಕ್ಲಬ್ಬಿನದಾಯಿತು.

ಐವರು ಫಾರ್ವರ್ಡ್‌ಗಳು ಸಾಲಾಗಿ ಆಡುತ್ತಿದ್ದ ಕಾಲವದು. ಅಹ್ಮದ್ ಅವರ ಜಾಗ ಇನ್‌ಸೈಡ್ ಲೆಫ್ಟ್. ಹಿಂದಿನಿಂದ ಚೆಂಡು ತರಬೇಕು, ಎದುರಾಳಿಯನ್ನು ತನ್ನತ್ತ ಸೆಳೆಯಬೇಕು, ತೆರವಾದ ಜಾಗಕ್ಕೆ ಓಡುವ ಜೊತೆಗಾರನಿಗೆ ಹದವಾಗಿ ದಾಟಿಸಬೇಕು. ಗೋಲು ಇನ್ನೊಬ್ಬರ ಲೆಕ್ಕಕ್ಕೆ ಸೇರಿದರೂ ಅದನ್ನು ಮೊದಲೇ ಕಾಣುವವನು ಇನ್‌ಸೈಡ್ ಫಾರ್ವರ್ಡ್. ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಕಾವಲಿನವರನ್ನು ಕುಣಿಸುತ್ತಿದ್ದ ಅಹ್ಮದ್‌ಗೆ ಅಭಿಮಾನಿಗಳು ‘ಹಾವಾಡಿಗ’ ಎಂಬ ಬಿರುದನ್ನೇ ಕೊಟ್ಟರು.

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ಯಿಂದ ಮಣಿಸಿ ಚಿನ್ನ ಗೆದ್ದ ತಂಡದಲ್ಲಿ ಅವರಿದ್ದರು. ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯ ಎದುರು ಭಾರತ 1–10ರ ಸೋಲುಂಡಿತು. ಸೋಲು ಖಚಿತವಾದ ಮೇಲೂ ಆಡುವುದನ್ನು ಬಿಡದೆ, ಪಂದ್ಯದ ಕೊನೆಗಳಿಗೆಯಲ್ಲಿ ಆ ಒಂದು ಗೋಲು ಹೊಡೆದವರು ಅಹ್ಮದ್. ಅವರು ತೀರಿಕೊಂಡದ್ದು ತಮ್ಮೂರಿನಲ್ಲೇ, 2017ರ ಆಗಸ್ಟ್‌ನಲ್ಲಿ.

ಇಂದು ಚೆಂಡಿನ ಹಿಂದೆ ಓಡುವ ನಮ್ಮ ಮಕ್ಕಳಿಗೆ ಅಹ್ಮದ್ ಅವರ ಬದುಕನ್ನು ಬೂಟಿಲ್ಲದ ಕಾಲದ ಕೌತುಕವಾಗಿ ಹೇಳಬಾರದು. ಜೊತೆಗಾರನ ಓಟವನ್ನು ಅವನಿಗಿಂತ ಮೊದಲೇ ಊಹಿಸಿದ ಆಟಗಾರನೊಬ್ಬ ಇದೇ ಊರಿನಲ್ಲಿ ಬೆಳೆದಿದ್ದ ಎಂದು ಹೇಳಬೇಕು. ಬೂಟಿದ್ದರೂ ಇಲ್ಲದಿದ್ದರೂ ಕಲಿಯಲೇಬೇಕಾದ ವಿದ್ಯೆ ಅದು.