ಹೊಸ ಹಾಡು, ಗಿಟಾರು ಮತ್ತು ನಮ್ಮ ಬಲಿಪೂಜೆ



ಕ್ರಿಸ್ತಜಯಂತಿ ಹತ್ತಿರವಾದಂತೆ ನಮ್ಮ ಧರ್ಮಕೇಂದ್ರಗಳಲ್ಲಿ ಹಳೆಯ ಜಗಳವೊಂದು ಮತ್ತೆ ತಲೆ ಎತ್ತುತ್ತದೆ. ಯುವಜನರಿಗೆ ಕೀಬೋರ್ಡು, ಗಿಟಾರು, ಡ್ರಮ್ಸ್ ಕೂಡಿದ ಹೊಸ ಆರಾಧನಾ ಗೀತೆಗಳು ಬೇಕು. ಹಿರಿಯರಿಗೆ ಚಿಕ್ಕಂದಿನಿಂದ ಹಾಡಿಕೊಂಡು ಬಂದವೇ ಸಾಕು. ಕೊನೆಗೆ ಹಬ್ಬದ ರಾತ್ರಿ ಗಾನವೃಂದವೊಂದೇ ಹಾಡುತ್ತದೆ. ಉಳಿದವರು ಕೈಕಟ್ಟಿ ಕೇಳುತ್ತಾರೆ. ಮನಸ್ತಾಪ ಮಾತ್ರ ಹಬ್ಬ ಕಳೆದ ಮೇಲೂ ಉಳಿದುಬಿಡುತ್ತದೆ.

ಧರ್ಮಸಭೆ ಏನು ಹೇಳುತ್ತದೆ? 1903ರಲ್ಲಿ ಜಗದ್ಗುರು ಹತ್ತನೆಯ ಪಯಸ್ ಅವರು ದೇವಾಲಯದಲ್ಲಿ ಪಿಯಾನೋ, ಡೋಲು, ತಾಳ ಮುಂತಾದ ವಾದ್ಯಗಳನ್ನು ನಿಷೇಧಿಸಿದ್ದರು. (150ನೆಯ ಕೀರ್ತನೆಯಲ್ಲಿ ತಾಳಕ್ಕೂ ದಮ್ಮಡಿಗೂ ಜಾಗವಿದೆ ಎಂಬುದು ಬೇರೆ ಮಾತು!) 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಕುರಿತು ಹೊರಡಿಸಿದ ಶಾಸನ ಬಾಗಿಲು ತೆರೆಯಿತು. ಗ್ರೆಗೋರಿಯನ್ ಗಾನದ ಹಾಗೂ ಪೈಪ್ ಆರ್ಗನ್ನಿನ ಗೌರವವನ್ನು ಉಳಿಸಿಕೊಂಡೇ, ಆಯಾ ನಾಡಿನ ಸಂಗೀತಕ್ಕೆ ತಕ್ಕ ಸ್ಥಾನ ಸಿಗಬೇಕೆಂದಿತು. ಆರಾಧನೆಗೆ ಯೋಗ್ಯವಾದ ಇತರ ವಾದ್ಯಗಳನ್ನು ಧರ್ಮಸಭೆಯ ಅಧಿಕಾರಿಗಳ ಒಪ್ಪಿಗೆಯೊಡನೆ ಬಳಸಬಹುದೆಂದಿತು. 1967ರ ಸೂಚನಾಪತ್ರ ಇನ್ನೊಂದು ಮಾತು ಸೇರಿಸಿತು: ವಾದ್ಯವು ಹಾಡುವವರ ದನಿಯನ್ನು ಮುಳುಗಿಸಬಾರದು, ಹಾಡಿನ ಪದಗಳು ಕೇಳದಂತೆ ಮಾಡಬಾರದು.

ಹಾಗಾದರೆ ನಮ್ಮ ಜನ ಏಕೆ ಬಾಯಿ ಮುಚ್ಚಿ ನಿಲ್ಲುತ್ತಾರೆ? ಚಿತ್ರದುರ್ಗದ ಬಳಿಯ ಮದಕರಿಪುರದಂಥ ಊರುಗಳ ಕಡೆ ಭಜನೆ ಹೇಗೆ ನಡೆಯುತ್ತದೆ, ನೆನೆಯೋಣ. ಒಬ್ಬರು ಸೊಲ್ಲು ಎತ್ತುತ್ತಾರೆ, ಉಳಿದವರು ಅದನ್ನೇ ಹಿಡಿದು ಹಾಡುತ್ತಾರೆ. ಓದು ಬಾರದವರೂ ಎರಡನೆಯ ಸಲಕ್ಕೆ ಸೇರಿಕೊಳ್ಳುತ್ತಾರೆ. ವಾಚನದ ನಂತರ ನಾವು ಹಾಡುವ ಕೀರ್ತನೆಯ ರೀತಿಯೂ ಇದೇ. ಈಗಿನ ಆರಾಧನಾ ಗೀತೆಗಳಲ್ಲಿ ಹಲವು ಒಬ್ಬ ನುರಿತ ಗಾಯಕನ ಕಂಠಕ್ಕೆಂದು ಧ್ವನಿಮುದ್ರಣವಾದವು. ಶ್ರುತಿ ಎತ್ತರ, ನಡುನಡುವೆ ದೀರ್ಘ ವಾದ್ಯಸಂಗೀತ. ಮತ್ತೆ ಎಲ್ಲಿ ಹಾಡಬೇಕೆಂಬುದು ಹಿಂದಿನ ಬೆಂಚಿನ ಅಜ್ಜಿಗೆ ತಿಳಿಯುವುದಾದರೂ ಹೇಗೆ? ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ಮೂರು ನಾಲ್ಕು ಸಲ ಒತ್ತಿ ಶ್ರುತಿ ಇಳಿಸಿದರೆ ಅರ್ಧ ಕಷ್ಟ ಕಳೆಯುತ್ತದೆ. ಆದರೆ ಹಾಗೆ ಮಾಡಿದರೆ ಹಾಡು 'ಡಲ್' ಆಗುತ್ತದೆಂದು ಗಾನವೃಂದದವರು ಒಪ್ಪುವುದಿಲ್ಲ!

ಇನ್ನು ಭಾಷೆ. ಕನ್ನಡಕ್ಕೆ ಹ್ರಸ್ವ-ದೀರ್ಘವೇ ಜೀವ. ಇಂಗ್ಲಿಷ್ ರಾಗಕ್ಕೆ ಕನ್ನಡ ಪದಗಳನ್ನು ಅವಸರದಲ್ಲಿ ತುರುಕಿದಾಗ 'ಬಲ ನೀಡು ಪ್ರಭುವೇ' ಎಂಬ ಬೇಡಿಕೆ 'ಬಾಲ ನೀಡು' ಎಂದು ಕೇಳಿಸುತ್ತದೆ. ಮಕ್ಕಳು ನಗುತ್ತಾರೆ, ನಾವು ಅವರನ್ನು ಗದರುತ್ತೇವೆ. ತಪ್ಪು ಮಕ್ಕಳದೇ?

ಪ್ರಾರ್ಥನಾಕೂಟದಲ್ಲಿ ಸಲ್ಲುವ ಹಾಡೆಲ್ಲ ಬಲಿಪೂಜೆಯಲ್ಲಿ ಸಲ್ಲದು. ಮಹಿಮಾಗೀತೆಯ ಪಠ್ಯದ ಬದಲು ಬೇರೊಂದು ಸ್ತುತಿಗೀತೆಯನ್ನು ಹಾಡುವಂತಿಲ್ಲ. ರಾಗ ಹೊಸದಿರಲಿ, ಅಡ್ಡಿಯಿಲ್ಲ. ಆಗಮನ ಕಾಲದಲ್ಲಿ ವಾದ್ಯಗಳು ಮಿತವಾಗಿರಬೇಕು. ತಪಸ್ಸು ಕಾಲದಲ್ಲಿ, ನಾಲ್ಕನೆಯ ಭಾನುವಾರ ಹಾಗೂ ಹಬ್ಬದ ದಿನಗಳ ಹೊರತು, ಹಾಡಿಗೆ ಆಸರೆಯಾಗಿ ಮಾತ್ರ ನುಡಿಸಬೇಕು.

ಈ ಸಲ ಹಬ್ಬದ ತಾಲೀಮಿಗೆ ನಾಲ್ವರು ಹಿರಿಯರನ್ನೂ ಕರೆಯೋಣ. ಹೊಸ ಹಾಡು ಎರಡೇ ಸಾಕು. ಆಗಮನ ಕಾಲದ ಭಾನುವಾರಗಳಲ್ಲಿ ಪೂಜೆಗೆ ಹತ್ತು ನಿಮಿಷ ಮುಂಚೆ ಅವನ್ನು ಎಲ್ಲರಿಗೂ ಹೇಳಿಕೊಡೋಣ. ಹಬ್ಬದ ರಾತ್ರಿ ಕೊನೆಯ ಚರಣಕ್ಕೆ ಗಿಟಾರೂ ಡ್ರಮ್ಸೂ ನಿಲ್ಲಲಿ, ಮೈಕಿನ ದನಿಯೂ ತಗ್ಗಲಿ. ಆಗ ದೇವಾಲಯದಲ್ಲಿ ಎಷ್ಟು ದನಿಗಳಿವೆಯೆಂದು ಎಲ್ಲರೂ ಕೇಳಿಸಿಕೊಳ್ಳಬಹುದು.